ವಾಲ್ಟರ್ ರಾಡ್ನಿ: ವಿದ್ವಾಂಸರೋ, ಹೋರಾಟಗಾರರೋ?

ಪ್ರಶ್ನೆ (ಮಡಿಕೇರಿಯಿಂದ)

ನಮ್ಮ ಊರಿನ ಓದುಗರ ಕೂಟದಲ್ಲಿ ಮುಂದಿನ ತಿಂಗಳು ದಕ್ಷಿಣ ಅಮೆರಿಕದ ಗಯಾನಾ ದೇಶದ ಇತಿಹಾಸಕಾರ ವಾಲ್ಟರ್ ರಾಡ್ನಿಯವರ ಬಗ್ಗೆ ನಾನು ಮಾತನಾಡಬೇಕಾಗಿದೆ. 1942ರಲ್ಲಿ ಜಾರ್ಜ್‌ಟೌನ್‌ನಲ್ಲಿ ಹುಟ್ಟಿ, 24ನೆಯ ವಯಸ್ಸಿಗೆ ಲಂಡನ್ನಿನಲ್ಲಿ ಡಾಕ್ಟರೇಟ್ ಪಡೆದು, 38ನೆಯ ವಯಸ್ಸಿಗೆ ಬಾಂಬಿಗೆ ಬಲಿಯಾದರು ಎಂಬಷ್ಟನ್ನು ಓದಿಕೊಂಡಿದ್ದೇನೆ. ಹಳೆಯ ಕಡತ ಓದುವ ಮನುಷ್ಯನಿಗೆ ಸರ್ಕಾರಗಳು ಅಷ್ಟು ಹೆದರಿದ್ದೇಕೆ ಎಂಬುದು ಮಾತ್ರ ಬಗೆಹರಿಯುತ್ತಿಲ್ಲ. ವಿದ್ವತ್ತು ಒಂದು ಭಾಗ, ಚಳವಳಿ ಇನ್ನೊಂದು ಭಾಗ ಎಂದು ಇಬ್ಭಾಗಿಸಿ ಮಾತನಾಡಿದರೆ ಸರಿಯಾದೀತೇ?

ಉತ್ತರ (ವಿರಾಜಪೇಟೆಯಿಂದ)

ಹಾಗೆ ಇಬ್ಭಾಗಿಸಿದರೆ ಮನುಷ್ಯನೇ ಕೈತಪ್ಪಿಹೋಗುತ್ತಾರೆ. ಪಶ್ಚಿಮ ಆಫ್ರಿಕದ ಗಿನಿ ಕರಾವಳಿಯ ಗುಲಾಮರ ವ್ಯಾಪಾರವನ್ನು ಅರಿಯಲು ಅವರು ಪೋರ್ಚುಗೀಸ್, ಸ್ಪ್ಯಾನಿಷ್ ಕಲಿತು, ಲಿಸ್ಬನ್ ಮತ್ತು ಸೆವಿಲ್‌ನ ದಾಖಲೆಗಳನ್ನು ಜಾಲಾಡಿದರು. 1968ರಲ್ಲಿ ಜಮೈಕಾದ ವಿಶ್ವವಿದ್ಯಾಲಯಕ್ಕೆ ಅಧ್ಯಾಪಕರಾಗಿ ಬಂದಾಗ ಅದೇ ಮನುಷ್ಯ ಕಿಂಗ್‌ಸ್ಟನ್ನಿನ ಬಡ ಕೇರಿಗಳಿಗೆ ಹೋಗಿ, ಆಫ್ರಿಕವನ್ನೇ ತಮ್ಮ ಮೂಲನೆಲವೆಂದು ನಂಬುವ ರಾಸ್ತಫಾರಿ ಪಂಥದವರ ಜೊತೆ ಕುಳಿತು ಆಫ್ರಿಕದ ಚರಿತ್ರೆ ಹೇಳುತ್ತಿದ್ದರು, ಅವರು ಹೇಳಿದ್ದನ್ನು ಕೇಳಿಸಿಕೊಳ್ಳುತ್ತಿದ್ದರು. ಆ ಅಕ್ಟೋಬರ್‌ನಲ್ಲಿ ಮಾಂಟ್ರಿಯಲ್‌ನ ಸಮ್ಮೇಳನದಿಂದ ಮರಳಿದಾಗ ಜಮೈಕಾ ಸರ್ಕಾರ ಅವರನ್ನು ವಿಮಾನದಿಂದ ಇಳಿಯಲು ಬಿಡಲಿಲ್ಲ. ಮರುದಿನದ ವಿದ್ಯಾರ್ಥಿಗಳ ಮೆರವಣಿಗೆ ಊರಿನ ದಂಗೆಯಾಗಿ ಬೆಳೆಯಿತು. ಅವರ ಪ್ರಬಂಧ ಗ್ರಂಥಾಲಯದ ಕಪಾಟಿನಲ್ಲೇ ಉಳಿದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ ಎಂದು ನನ್ನ ಅನಿಸಿಕೆ.

ಉತ್ತರ (ಸುಂಟಿಕೊಪ್ಪದಿಂದ)

ಕಾಫಿ ತೋಟದಲ್ಲಿ ರೈಟರ್ ಆಗಿ ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆಯುತ್ತಲೇ ವಯಸ್ಸಾದ ನನಗೆ, ಗಯಾನಾದ ದುಡಿಯುವ ಜನರ ಕುರಿತು ಅವರು ಬರೆದು, ಅವರು ತೀರಿಕೊಂಡ ಮೇಲೆ 1981ರಲ್ಲಿ ಪ್ರಕಟವಾದ ಚರಿತ್ರೆಯೇ ಹೆಚ್ಚು ಹತ್ತಿರದ್ದು. ಅಲ್ಲಿಯ ಕರಾವಳಿ ಸಮುದ್ರದ ಉಬ್ಬರಕ್ಕಿಂತ ತಗ್ಗಿನಲ್ಲಿದೆ. ಕಬ್ಬು ಬೆಳೆಯಬೇಕಾದರೆ ಮುಂದೆ ಸಮುದ್ರಕ್ಕೊಂದು ಏರಿ, ಹಿಂದೆ ಜವುಗು ನೀರಿಗೊಂದು ಏರಿ, ನಡುವೆ ಮೈಲುಗಟ್ಟಲೆ ಕಾಲುವೆ ಬೇಕು. ಇದಕ್ಕಾಗಿ ಗುಲಾಮರು ಸಲಿಕೆಯಲ್ಲಿ ಎತ್ತಿಹಾಕಿದ ಒದ್ದೆ ಜೇಡಿಮಣ್ಣು 10 ಕೋಟಿ ಟನ್ ಎಂಬ ಲೆಕ್ಕವನ್ನು ರಾಡ್ನಿ ನಮ್ಮ ಮುಂದಿಡುತ್ತಾರೆ. ಮಳೆ ಬಿಡುವು ಕೊಟ್ಟಾಗ ಕಾಫಿ ಸಾಲಿನ ನಡುವೆ ನೀರು ಇಂಗಿಸುವ ತೊಟ್ಟಿಲು ಗುಂಡಿ ತೆಗೆಯುವವರನ್ನು ಕೇಳಿ ನೋಡಿ, ನೆನೆದ ಮಣ್ಣಿನ ಒಂದು ಸಲಿಕೆ ಎಷ್ಟು ಭಾರವೆಂದು.

ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡ 1834ರಲ್ಲೇ, ಆಗಸ್ಟ್ ತಿಂಗಳಲ್ಲಿ, ಗಯಾನಾ ಸೇರಿದಂತೆ ಅವರ ಕೆರೀಬಿಯನ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದತಿಯ ಕಾನೂನು ಜಾರಿಗೆ ಬಂತು. ಮುಂದೆ 1838ರಿಂದ 1917ರವರೆಗೆ ಸುಮಾರು 2.4 ಲಕ್ಷ ಭಾರತೀಯರನ್ನು ಕರಾರಿನ ಕೂಲಿಗಳಾಗಿ ಗಯಾನಾಕ್ಕೆ ಸಾಗಿಸಲಾಯಿತು. ತೋಟದ ಆಳುಗಳ ಸಾಲುಮನೆಯನ್ನು ನಾವು ಲೈನ್ ಮನೆ ಎನ್ನುತ್ತೇವೆ, ಅದನ್ನೇ ಅವರು ಲಾಜಿ ಎನ್ನುತ್ತಿದ್ದರು. ನಿಮ್ಮ ಕೂಟದಲ್ಲಿ ಈ ಮಾತನ್ನು ಬಿಡಬೇಡಿ.

ಉತ್ತರ (ಪೊನ್ನಂಪೇಟೆಯಿಂದ)

ನನ್ನದೊಂದು ತಕರಾರಿದೆ. ಆಫ್ರಿಕದ ಹಿಂದುಳಿಯುವಿಕೆಗೆ ಯೂರೋಪೇ ಕಾರಣವೆಂದು ವಾದಿಸುವ ಅವರ 1972ರ ಪುಸ್ತಕ ಎಲ್ಲ ತಪ್ಪನ್ನೂ ಹೊರಗಿನವರ ತಲೆಗೆ ಕಟ್ಟುತ್ತದೆ. ಜನರನ್ನು ಹಿಡಿದು ಮಾರಿದವರಲ್ಲಿ ಆಫ್ರಿಕದ ದೊರೆಗಳೂ ಇರಲಿಲ್ಲವೇ?

ಉತ್ತರ (ವಿರಾಜಪೇಟೆಯಿಂದ)

ಇದ್ದರು, ರಾಡ್ನಿ ಅದನ್ನು ಮುಚ್ಚಿಟ್ಟವರಲ್ಲ. ಸ್ಥಳೀಯ ದೊರೆಗಳು ನ್ಯಾಯತೀರ್ಮಾನವನ್ನೇ ಗುಲಾಮರನ್ನು ಒದಗಿಸುವ ದಾರಿಯಾಗಿ ಮಾಡಿಕೊಂಡ ಬಗೆಯನ್ನು ಗಿನಿ ಕರಾವಳಿಯ ಅಧ್ಯಯನದಲ್ಲಿ ಅವರೇ ಬಿಡಿಸಿ ಬರೆದಿದ್ದಾರೆ. 1972ರ ಪುಸ್ತಕದಲ್ಲಿ ಆ ಎಳೆ ತೆಳುವಾಗಿದೆ ಎಂದರೆ ಒಪ್ಪುತ್ತೇನೆ.

ಪ್ರಶ್ನೆ ಕೇಳಿದವರಿಗೆ ಇನ್ನೊಂದು ಮಾತು. 1974ರಲ್ಲಿ, ತಾವು ಪಾಠ ಹೇಳುತ್ತಿದ್ದ ಟಾಂಜಾನಿಯಾದ ದಾರ್ ಎಸ್ ಸಲಾಂನಿಂದ ತಾಯ್ನಾಡಿಗೆ ಮರಳಿದಾಗ, ವಿಶ್ವವಿದ್ಯಾಲಯದಲ್ಲಿ ಅವರಿಗೆ ಸಿಗಬೇಕಿದ್ದ ಪ್ರಾಧ್ಯಾಪಕ ಹುದ್ದೆಯನ್ನು ತಪ್ಪಿಸಲಾಯಿತು. ಅವರು ದೇಶ ಬಿಡದೆ, ವರ್ಕಿಂಗ್ ಪೀಪಲ್ಸ್ ಅಲಯನ್ಸ್ ಸಂಘಟನೆಯಲ್ಲಿ ಆಫ್ರಿಕ ಮೂಲದವರನ್ನೂ ಭಾರತ ಮೂಲದವರನ್ನೂ ಒಂದೇ ವೇದಿಕೆಗೆ ತಂದರು. ಈ ಎರಡು ಸಮುದಾಯಗಳ ಒಡಕಿನ ಮೇಲೆ ನಿಂತಿದ್ದ ಪ್ರಧಾನಿ ಫೋರ್ಬ್ಸ್ ಬರ್ನಮ್ ಆಡಳಿತಕ್ಕೆ ಅದಕ್ಕಿಂತ ದೊಡ್ಡ ಅಪಾಯ ಇನ್ನಿರಲಿಲ್ಲ. 1980ರ ಜೂನ್ 13ರಂದು, ಸೈನ್ಯದಲ್ಲಿದ್ದವನೊಬ್ಬ ಕೊಟ್ಟ ವಾಕಿಟಾಕಿ ಕಾರಿನಲ್ಲಿ ಅವರ ತೊಡೆಯ ಮೇಲೆಯೇ ಸಿಡಿಯಿತು. 2016ರಲ್ಲಿ ವರದಿ ಕೊಟ್ಟ ವಿಚಾರಣಾ ಆಯೋಗ ಇದರಲ್ಲಿ ಸರ್ಕಾರದ ಕೈವಾಡವಿತ್ತು ಎಂದಿತು.

ವಿದ್ವಾಂಸರೋ ಹೋರಾಟಗಾರರೋ ಎಂದು ಕೇಳಿದ್ದಿರಿ. ಅವರ ಮರಣಪತ್ರದಲ್ಲಿ ವೃತ್ತಿಯ ಜಾಗದಲ್ಲಿ ಬರೆದಿದ್ದದ್ದು ‘ನಿರುದ್ಯೋಗಿ’ ಎಂದು. ಅದನ್ನು ‘ಪ್ರಾಧ್ಯಾಪಕ’ ಎಂದು ತಿದ್ದಲು ಗಯಾನಾ ಸರ್ಕಾರ ಮುಂದಾದದ್ದು 2021ರಲ್ಲಿ.