ರಕ್ತದಲ್ಲಿ ಅಪರೂಪದ ಯೀಸ್ಟ್: ಯಂತ್ರ ಕೊಟ್ಟ ಹೆಸರನ್ನು ಎಷ್ಟು ನಂಬಬಹುದು?

ಪ್ರಶ್ನೆ (ಸೂಕ್ಷ್ಮಜೀವಿಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ):

ರಕ್ತ ಕ್ಯಾನ್ಸರಿಗೆ ಕೀಮೋಥೆರಪಿ ಪಡೆಯುತ್ತಿರುವ, ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ) ಎಣಿಕೆ ತೀರಾ ಕುಸಿದಿರುವ ರೋಗಿಯೊಬ್ಬರ ಬ್ಲಡ್ ಕಲ್ಚರ್ (ರಕ್ತದಲ್ಲಿನ ಸೂಕ್ಷ್ಮಜೀವಿಗಳನ್ನು ಬೆಳೆಸಿ ನೋಡುವ ಪರೀಕ್ಷೆ) ಬಾಟಲಿಯಲ್ಲಿ ಯೀಸ್ಟ್ ಬೆಳೆದಿದೆ. ಎಕೈನೊಕ್ಯಾಂಡಿನ್ ಗುಂಪಿನ ಶಿಲೀಂಧ್ರನಾಶಕ ಔಷಧವಾದ ಕ್ಯಾಸ್ಪೊಫಂಜಿನ್ ಆರಂಭಿಸಿದ ಮೇಲೂ ಜ್ವರ ಇಳಿದಿಲ್ಲ. ಗ್ರಾಂ ಸ್ಟೇನ್‌ನಲ್ಲಿ ಮೊಗ್ಗೊಡೆಯುವ ಕೋಶಗಳ ಜೊತೆಗೆ ಆಯತಾಕಾರದ ತುಂಡುಗಳೂ ಕಾಣುತ್ತಿವೆ. ಕ್ಯಾಂಡಿಡಾ ಆಲ್ಬಿಕಾನ್ಸ್ ಅನ್ನು ಗುರುತಿಸಲು ಮಾಡುವ ಜರ್ಮ್ ಟ್ಯೂಬ್ ಪರೀಕ್ಷೆ ನೆಗೆಟಿವ್ ಬಂದಿದೆ. ಸೂಕ್ಷ್ಮಜೀವಿಗಳನ್ನು ಗುರುತಿಸುವ ಯಂತ್ರವು ಸಾಮಾನ್ಯ ಯೀಸ್ಟ್ ಕುಲವಾದ ಕ್ಯಾಂಡಿಡಾದ ಒಂದು ಪ್ರಭೇದವನ್ನು ಸೂಚಿಸಿದೆಯಾದರೂ ವಿಶ್ವಾಸಾಂಕ ಕಡಿಮೆಯಿದೆ. ಅದೇ ಹೆಸರನ್ನು ವರದಿಯಲ್ಲಿ ಬರೆಯಬಹುದೇ? ಒಂದೇ ಬಾಟಲಿಯಲ್ಲಿ ಬೆಳೆದಿರುವುದರಿಂದ ಇದನ್ನು ಹೊರಗಿನಿಂದ ಸೇರಿದ ಕಲ್ಮಶವೆಂದು ಪರಿಗಣಿಸಲು ಅವಕಾಶವಿದೆಯೇ?

ಉತ್ತರ 1 (ಪ್ರಯೋಗಾಲಯದ ಹಿರಿಯ ವೈದ್ಯೆ):

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಇಲ್ಲ. ರಕ್ತದಲ್ಲಿ ಬೆಳೆದ ಯೀಸ್ಟನ್ನು, ಅದು ಒಂದೇ ಬಾಟಲಿಯಲ್ಲಿದ್ದರೂ, ಕಲ್ಮಶವೆಂದು ಬದಿಗಿಡುವಂತಿಲ್ಲ.

ಇನ್ನು ಹೆಸರಿನ ವಿಷಯ. ನೀವು ಕಂಡ ಆಯತಾಕಾರದ ತುಂಡುಗಳು ಆರ್ಥ್ರೊಕೊನಿಡಿಯಾ ಆಗಿರುವ ಸಾಧ್ಯತೆ ಹೆಚ್ಚು. ಶಿಲೀಂಧ್ರದ ಎಳೆಗಳು ಅಡ್ಡಗೋಡೆಯ ಬಳಿ ಕಡಿದು ಬಿಡಿಬಿಡಿಯಾದಾಗ ಅವು ಉಂಟಾಗುತ್ತವೆ, ಮತ್ತು ಕ್ಯಾಂಡಿಡಾದಲ್ಲಿ ಅವನ್ನು ನಿರೀಕ್ಷಿಸುವುದಿಲ್ಲ. ಟ್ವೀನ್ 80 ಬೆರೆಸಿದ ಕಾರ್ನ್‌ಮೀಲ್ ಅಗಾರಿನ (ಯೀಸ್ಟಿನ ಆಕಾರ ನೋಡಲು ಬಳಸುವ ಮಾಧ್ಯಮ) ಮೇಲೆ ಗೀರು ಎಳೆದು, ಕವರ್‌ಸ್ಲಿಪ್ ಮುಚ್ಚಿ ಬೆಳೆಸಿ ನೋಡಿ. ಆರ್ಥ್ರೊಕೊನಿಡಿಯಾ ಮತ್ತು ಮೊಗ್ಗು ಕೋಶಗಳು ಎರಡೂ ಇದ್ದು ಯೂರಿಯೇಸ್ (ಯೂರಿಯಾವನ್ನು ಒಡೆಯುವ ಕಿಣ್ವ) ಪಾಸಿಟಿವ್ ಆದರೆ ಟ್ರೈಕೊಸ್ಪೊರಾನ್ ಎಂಬ ಯೀಸ್ಟಿನ ಕಡೆಗೆ ಯೋಚಿಸಬೇಕು. ಯೂರಿಯೇಸ್ ನೆಗೆಟಿವ್ ಆದರೆ ಮ್ಯಾಗ್ನುಸಿಯೊಮೈಸಿಸ್ ಕ್ಯಾಪಿಟೇಟಸ್ ಅನ್ನು ನೆನಪಿಡಿ, ಅದೂ ಇಂಥ ರೋಗಿಗಳಲ್ಲೇ ಕಾಣಿಸಿಕೊಳ್ಳುತ್ತದೆ. ಎಕೈನೊಕ್ಯಾಂಡಿನ್ ಗುಂಪಿನ ಔಷಧಗಳು ಇವೆರಡರ ಮೇಲೂ ಭರವಸೆಯಿಡುವಂಥ ಪರಿಣಾಮ ಬೀರುವುದಿಲ್ಲ. ಕ್ಯಾಸ್ಪೊಫಂಜಿನ್ ನಡೆಯುತ್ತಿರುವಾಗಲೇ ರಕ್ತದಲ್ಲಿ ಯೀಸ್ಟ್ ಬೆಳೆದಿರುವುದು ಕೂಡ ರೋಗನಿರ್ಣಯದ ಒಂದು ಸುಳಿವೇ ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದ ಪ್ರಭೇದದ ಹೆಸರು ಖಚಿತವಾಗುವವರೆಗೆ ಕಾಯದೆ, "ಆರ್ಥ್ರೊಕೊನಿಡಿಯಾ ಹೊಂದಿರುವ ಯೀಸ್ಟ್, ಎಕೈನೊಕ್ಯಾಂಡಿನ್‌ಗೆ ಸ್ಪಂದಿಸದಿರುವ ಸಾಧ್ಯತೆಯಿದೆ" ಎಂದು ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ಇಂದೇ ಫೋನಿನಲ್ಲಿ ತಿಳಿಸಿ. ಈ ಒಂದು ವಾಕ್ಯ ಅವರಿಗೆ ತಲುಪುವುದು ನಿಖರವಾದ ಹೆಸರಿಗಿಂತ ತುರ್ತಿನದು.

ಉತ್ತರ 2 (ಶಿಲೀಂಧ್ರ ಗುರುತಿಸುವಿಕೆಯಲ್ಲಿ ಕೆಲಸ ಮಾಡುವವರು):

ಯಂತ್ರವು ತನ್ನ ದತ್ತಾಂಶದಲ್ಲಿ ಇರುವ ಹೆಸರುಗಳಲ್ಲಿ ಹತ್ತಿರದ್ದನ್ನು ಮಾತ್ರ ಕೊಡಬಲ್ಲದು. 2009ರಲ್ಲಿ ಜಪಾನಿನ ರೋಗಿಯೊಬ್ಬರ ಕಿವಿಯಿಂದ ದೊರೆತ ಮಾದರಿಯ ಆಧಾರದಲ್ಲಿ ವಿವರಿಸಲಾದ ಕ್ಯಾಂಡಿಡಾ ಆರಿಸ್ ಅನ್ನು ಜೈವಿಕ ರಾಸಾಯನಿಕ ಪರೀಕ್ಷೆಗಳನ್ನು ಆಧರಿಸಿದ ಯಂತ್ರಗಳು ಆಮೇಲೂ ಕ್ಯಾಂಡಿಡಾ ಹೀಮುಲೋನಿ ಎಂದೋ, ಕೆಲವೊಮ್ಮೆ ರೋಡೊಟೊರುಲಾ ಎಂದೋ ತೋರಿಸುತ್ತಿದ್ದವು. ರೋಡೊಟೊರುಲಾದ ಕಾಲನಿಗಳು ಸಾಮಾನ್ಯವಾಗಿ ಹವಳದ ಬಣ್ಣಕ್ಕಿರುತ್ತವೆ. ಪ್ಲೇಟಿನ ಮೇಲೆ ಬಿಳಿ ಕಾಲನಿಗಳಿದ್ದು ವರದಿಯಲ್ಲಿ ರೋಡೊಟೊರುಲಾ ಎಂದಿದ್ದರೆ ಅಲ್ಲಿಯೇ ಅನುಮಾನ ಹುಟ್ಟಬೇಕು.

ಮಾಲ್ಡಿ-ಟಾಫ್ (ಪ್ರೋಟೀನುಗಳ ಮಾದರಿಯಿಂದ ಸೂಕ್ಷ್ಮಜೀವಿಯನ್ನು ಗುರುತಿಸುವ ಯಂತ್ರ) ಲಭ್ಯವಿದ್ದರೆ ಬಳಸಿ, ಆದರೆ ಅದರ ದತ್ತಾಂಶ ಸಂಗ್ರಹವೂ ಇತ್ತೀಚಿನದಾಗಿರಬೇಕು. ಅಂಕ ಮತ್ತೆ ಕಡಿಮೆ ಬಂದರೆ ಐಟಿಎಸ್ ಭಾಗದ ಅಥವಾ 28ಎಸ್ ಜೀನಿನ ಡಿ1/ಡಿ2 ಭಾಗದ (ಪ್ರಭೇದ ಗುರುತಿಸಲು ಬಳಸುವ ಡಿಎನ್‌ಎ ಭಾಗಗಳು) ಸೀಕ್ವೆನ್ಸಿಂಗ್‌ಗೆ ಕಳುಹಿಸಿ. ಟ್ರೈಕೊಸ್ಪೊರಾನ್‌ನ ಹತ್ತಿರದ ಪ್ರಭೇದಗಳನ್ನು ಬೇರ್ಪಡಿಸಲು ಡಿಎನ್‌ಎಯ ಐಜಿಎಸ್1 ಭಾಗ ಹೆಚ್ಚು ಉಪಯುಕ್ತ.

ಪ್ರಶ್ನೆ ಕೇಳಿದವರು:

ಧನ್ಯವಾದಗಳು. ಯೂರಿಯಾ ಅಗಾರ್ ಗುಲಾಬಿ ಬಣ್ಣಕ್ಕೆ ತಿರುಗಿದೆ (ಅಂದರೆ ಯೂರಿಯೇಸ್ ಪಾಸಿಟಿವ್), ವೈದ್ಯರಿಗೂ ವಿಷಯ ತಿಳಿಸಿದ್ದೇವೆ. ರಕ್ತದಲ್ಲಿ ಶಿಲೀಂಧ್ರದ ಕೋಶಭಿತ್ತಿಯ ಅಂಶವನ್ನು ಹುಡುಕುವ ಬೀಟಾ-ಡಿ-ಗ್ಲುಕಾನ್ ಪರೀಕ್ಷೆಯಿಂದ ಹೆಚ್ಚಿನ ಮಾಹಿತಿ ಸಿಗಬಹುದೇ?

ಉತ್ತರ 3 (ಸೋಂಕುರೋಗ ತಜ್ಞರು):

ಕಲ್ಚರ್‌ನಲ್ಲಿ ಯೀಸ್ಟ್ ಸಿಕ್ಕಿರುವಾಗ ಆ ಪರೀಕ್ಷೆಯಿಂದ ಹೊಸದೇನೂ ತಿಳಿಯುವುದಿಲ್ಲ, ಏಕೆಂದರೆ ಅದು ಯಾವ ಯೀಸ್ಟ್ ಎಂದು ಹೇಳುವುದಿಲ್ಲ. ಕ್ರಿಪ್ಟೊಕಾಕಸ್ ಮತ್ತು ಮಲಸೇಜಿಯಾ ಎಂಬ ಯೀಸ್ಟುಗಳಲ್ಲಿ ನೆಗೆಟಿವ್ ಬರುವುದೇ ಸಾಮಾನ್ಯ. ಅದಕ್ಕಿಂತ ಮುಖ್ಯವಾದ ಎಚ್ಚರಿಕೆಯೊಂದಿದೆ. ಟ್ರೈಕೊಸ್ಪೊರಾನ್ ಸೋಂಕಿನಲ್ಲಿ ಕ್ರಿಪ್ಟೊಕಾಕಸ್ ಆಂಟಿಜನ್ ಪರೀಕ್ಷೆ ಪಾಸಿಟಿವ್ ಬರಬಹುದು, ಏಕೆಂದರೆ ಎರಡರ ಹೊರಪದರದಲ್ಲೂ ಒಂದನ್ನೊಂದು ಹೋಲುವ ಪಾಲಿಸ್ಯಾಕರೈಡ್ ಇದೆ. ಯೂರಿಯೇಸ್ ಎರಡರಲ್ಲೂ ಪಾಸಿಟಿವ್. ಹಾಗಾಗಿ ಆರ್ಥ್ರೊಕೊನಿಡಿಯಾವನ್ನು ಸರಿಯಾಗಿ ನೋಡದೆ ಈ ಎರಡು ಫಲಿತಾಂಶಗಳನ್ನಷ್ಟೇ ಜೋಡಿಸಿದರೆ ತಪ್ಪು ದಾರಿ ಹಿಡಿಯುತ್ತೇವೆ.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತು. ರಕ್ತನಾಳದ ಮೂಲಕ ಕೊಬ್ಬಿನ ದ್ರಾವಣ ಪಡೆಯುತ್ತಿರುವ ನವಜಾತ ಶಿಶುಗಳಲ್ಲಿ, ಗ್ರಾಂ ಸ್ಟೇನ್‌ನಲ್ಲಿ ಯೀಸ್ಟ್ ಕಂಡರೂ ಪ್ಲೇಟಿನ ಮೇಲೆ ಏನೂ ಬೆಳೆಯದಿದ್ದರೆ, ಮಲಸೇಜಿಯಾ ಫರ್ಫರ್ ಇರಬಹುದೆಂದು ಭಾವಿಸಿ ಅಗಾರಿನ ಮೇಲೆ ಸ್ಟೆರೈಲ್ ಆಲಿವ್ ಎಣ್ಣೆ ಸವರಿ ಮತ್ತೆ ಬೆಳೆಸಬೇಕು. ಕೊಬ್ಬಿಲ್ಲದೆ ಅದು ಬೆಳೆಯುವುದಿಲ್ಲ.

ನಿಮ್ಮ ರೋಗಿಗೆ ಟ್ರೈಕೊಸ್ಪೊರಾನ್ ಎಂದು ಖಚಿತವಾದರೆ ಸಾಮಾನ್ಯವಾಗಿ ವೊರಿಕೊನಜೋಲ್ ಮೊದಲ ಆಯ್ಕೆ. ಎಂಐಸಿ (ಬೆಳವಣಿಗೆ ತಡೆಯುವ ಔಷಧದ ಕನಿಷ್ಠ ಪ್ರಮಾಣ) ಪರೀಕ್ಷೆ ಮಾಡಿಸಿ, ಆದರೆ ಈ ಯೀಸ್ಟ್‌ಗೆ ಅಂಗೀಕೃತ ಬ್ರೇಕ್‌ಪಾಯಿಂಟ್ (ಔಷಧಕ್ಕೆ ಸ್ಪಂದಿಸುತ್ತದೆಯೇ ಎಂದು ತೀರ್ಮಾನಿಸುವ ಗಡಿಮಟ್ಟ) ಇಲ್ಲದಿರುವುದರಿಂದ ವರದಿಯಲ್ಲಿ "ಸೆನ್ಸಿಟಿವ್" ಎಂದು ಬರೆಯದೆ ಅಂಕಿಯನ್ನಷ್ಟೇ ಕೊಡಿ. ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕಿರುವ ನಳಿಕೆ) ತೆಗೆಯಲು ಸಾಧ್ಯವೇ ಎಂದು ವಾರ್ಡಿನವರೊಂದಿಗೆ ಚರ್ಚಿಸಿ, ನೆಗೆಟಿವ್ ಬರುವವರೆಗೆ ಬ್ಲಡ್ ಕಲ್ಚರ್ ಪುನರಾವರ್ತಿಸಲು ಹೇಳಿ. ಚರ್ಮದ ಮೇಲೆ ಹೊಸ ಗಂಟುಗಳು ಕಾಣಿಸಿಕೊಂಡರೆ ಬಯಾಪ್ಸಿ ಮಾಡಿಸಿ, ಆ ಅಂಗಾಂಶದ ಒಂದು ಭಾಗವನ್ನು ಫಾರ್ಮಲಿನ್‌ಗೆ ಹಾಕದೆ ಕಲ್ಚರ್‌ಗಾಗಿ ನಿಮಗೇ ಕಳುಹಿಸುವಂತೆ ಮುಂಚಿತವಾಗಿ ತಿಳಿಸಿಡಿ.