ಕಲಬುರಗಿಯಲ್ಲಿ ಮೊಂತಿ ಹಬ್ಬಕ್ಕೆ ತೆನೆ ಎಲ್ಲಿಂದ ತರಲಿ?

ನಾವು ಬಂಟ್ವಾಳದ ಕಡೆಯವರು, ಕೆಲಸದ ಮೇಲೆ ಕಲಬುರಗಿಗೆ ಬಂದು ಎರಡು ವರ್ಷ. ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನ್ಮದಿನ, ಅದೇ ಮೊಂತಿ ಹಬ್ಬ, ನಮಗೆ ತೆನೆ ಹಬ್ಬವೂ ಹೌದು. ಊರಲ್ಲಾದರೆ ಆಗಸ್ಟ್ 30ರಿಂದಲೇ ಮಕ್ಕಳು ದಿನಾ ಬುಟ್ಟಿಯಲ್ಲಿ ಹೂ ತಂದು ಮಾತೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಚರ್ಚಿನಲ್ಲಿ ಆಶೀರ್ವದಿಸಿದ ಹೊಸ ಭತ್ತದ ತೆನೆ ಮನೆಗೆ ಬರುತ್ತದೆ. ಅಪ್ಪ ಕಾಳು ಸುಲಿದು ಹಾಲಿಗೆ ಹಾಕುತ್ತಿದ್ದರು. ಪ್ರಾರ್ಥನೆ ಮುಗಿದ ಮೇಲೆ ಎಲ್ಲರಿಗೂ ಒಂದೊಂದು ಚಮಚ. ಆಮೇಲೆ ಬಾಳೆಲೆ ಊಟ, ಆ ದಿನ ಮೀನು ಮಾಂಸ ಇಲ್ಲ.

ಅಪ್ಪ ಈಗಿಲ್ಲ. ಹೋದ ವರ್ಷ ತೆನೆ ಸಿಗದೆ ಅಂಗಡಿಯ ಅಕ್ಕಿಯನ್ನೇ ಹಾಲಿಗೆ ಹಾಕಿದೆ. "ಇದು ಹೊಸತಾ ಅಮ್ಮ?" ಅಂತ ಆರು ವರ್ಷದ ಮಗಳು ಕೇಳಿದಳು. ಗಂಟಲು ಕಟ್ಟಿತು. ಈ ಸಲ ಏನು ಮಾಡಲಿ?

ಉತ್ತರ 1:
ಅಕ್ಕಾರ, ನಾವು ಯಾದಗಿರಿಯವರು. ಈ ಕಡೆ ಭತ್ತ ಆಗ ಇನ್ನೂ ತೆನಿ ಒಡೆದಿರಂಗಿಲ್ಲ. ಸಜ್ಜಿ ತೆನಿ ತರ್ರಿ, ಜೂನ್‌ದಾಗ ಬಿತ್ತಿದ್ದು ಅಷ್ಟೊತ್ತಿಗೆ ಕಾಳು ಕಟ್ಟಿರ್ತದ. ಹೆಸರೂ ರಾಶಿ ಆಗಿರ್ತದ, ಹೊಸ ಹೆಸರುಬ್ಯಾಳಿ ಪಾಯಸ ಮಾಡ್ರಿ. ತೊಗರಿ ಡಿಸೆಂಬರ್‌ತನ ಬರಂಗಿಲ್ಲ. ಫಾದರ್‌ಗೆ ಮೊದಲೇ ಹೇಳಿಡ್ರಿ, ಪೂಜಿ ಆದಮ್ಯಾಲ ಆಶೀರ್ವಾದ ಮಾಡ್ತಾರ.

ಉತ್ತರ 2:
ಸಜ್ಜೆ ಒಳ್ಳೆಯದು. ಬೆಳೆದ ನೆಲದ ಮೊದಲ ಫಲ ದೇವರಿಗೆ, ಅದೇ ಮುಖ್ಯ. ಬೀದರದಲ್ಲಿದ್ದಾಗ ನಾನು ಮೇ ಕೊನೆಗೆ ಬಕೆಟ್ಟಿನಲ್ಲಿ ಭತ್ತ ಬಿತ್ತಿದ್ದೆ, ಏಳು ತೆನೆ ಬಂತು. ಮನೆಮಂದಿಗೆ ಸಾಕಾಯಿತು. ಮುಂದಿನ ವರ್ಷಕ್ಕೆ ಮಗಳ ಕೈಯಲ್ಲೇ ಬಿತ್ತಿಸಿ.

ಕೇಳಿದವರು:
ಓದಿ ಕಣ್ಣು ತುಂಬಿತು. ನಾಳೆಯೇ ಫಾದರ್ ಹತ್ತಿರ ಹೋಗುತ್ತೇನೆ. ಈ ಸಲ ಸಜ್ಜೆ ಕಾಳು ಬಿಡಿಸುವುದು ಮಗಳು, ಅಪ್ಪನ ಹಿತ್ತಾಳೆ ಬಟ್ಟಲಲ್ಲೇ.