ಮೌತ್‌ಗಾರ್ಡ್: ಕಚ್ಚುವುದೋ, ತೊಡುವುದೋ?

ಎಲ್ಲರಿಗೂ ನಮಸ್ಕಾರ.

ಕಲಬುರಗಿಯಲ್ಲಿ ನನ್ನದೊಂದು ಹಲ್ಲಿನ ಲ್ಯಾಬ್ ಇದೆ. ಡಾಕ್ಟರು ಕಳಿಸುವ ಅಳತೆಗೆ ಹಲ್ಲಿನ ಸೆಟ್ಟು, ಕ್ಯಾಪು ಮಾಡಿಕೊಡೋದು ಕೆಲಸ. ಈಚೆಗೆ ಮೌತ್‌ಗಾರ್ಡೂ ಮಾಡುತ್ತಿದ್ದೇನೆ, ಅಂದರೆ ಪೆಟ್ಟು ಬಿದ್ದರೆ ಹಲ್ಲು ಉಳಿಯಲಿ ಅಂತ ಆಟಗಾರರು ಬಾಯೊಳಗೆ ಹಾಕಿಕೊಳ್ಳುವ ಮೆತ್ತನೆ ಹೊದಿಕೆ. ಅದರ ಜೊತೆ ಕೊಡಲು ಕನ್ನಡದಲ್ಲಿ ಒಂದು ಚೀಟಿ ಬರೆಯೋಣ ಅಂತ ಕೂತೆ. ಮೊದಲ ಪದಕ್ಕೇ ಪೆನ್ನು ನಿಂತಿತು.

ಮೊದಲು ಬರೆದದ್ದು ‘ಹಲ್ಗಾಪು’. ಮೈಗೆ ಮೈಗಾಪು ಇದ್ದ ಹಾಗೆ ಹಲ್ಲಿಗೆ ಹಲ್ಗಾಪು. ನನಗಂತೂ ತುಂಬಾ ಹಿಡಿಸಿತ್ತು. ರಜೆಗೆ ಬಂದಿದ್ದ ಅಕ್ಕನ ಮಗ ಓದಿ, “ಮಾಮಾ, ಹಲ್ಲಿನ ಗ್ಯಾಪಿಗೂ ಇದಕ್ಕೂ ಏನ್ ಸಂಬಂಧ?” ಅಂದ. ಅಲ್ಲಿಗೆ ಆ ಪದದ ಕಥೆ ಮುಗೀತು. ‘ದಂತಕವಚ’ ಅಂದರೆ ಎನಾಮೆಲ್, ಹಲ್ಲಿನ ಮೇಲಿನ ಗಟ್ಟಿ ಪದರ, ಅಂದುಕೊಳ್ಳುವವರಿದ್ದಾರೆ. ಗೆಳೆಯನೊಬ್ಬ ‘ಬಾಯಿಕುಕ್ಕೆ’ ಅಂದ. ಎಡೆ ಹೊಡೆಯುವಾಗ ಎತ್ತು ತೊಗರಿಗೆ ಬಾಯಿ ಹಾಕದಿರಲಿ ಅಂತ ಕಟ್ಟುವ ಕುಕ್ಕೆ ಅದು. ಆಟದ ಹುಡುಗರ ಮುಂದೆ ಹೇಳಿದರೆ ನನ್ನನ್ನ ಸುಮ್ನೆ ಬಿಡ್ತಾರಾ?

ಆಮೇಲೆ ‘ಕಚ್ಚುಪಟ್ಟಿ’ ಅಂತ ಬರೆದೆ. ಅಕ್ಕನ ಮಗ ಬೆಂಗಳೂರಲ್ಲಿ ವಾಟರ್ ಪೋಲೋ, ಅಂದರೆ ಈಜುಕೊಳದಲ್ಲಿ ಆಡುವ ಚೆಂಡಾಟ, ಆಡುತ್ತಾನೆ. ಮತ್ತೆ ಅವನದೇ ತಕರಾರು: “ಕಚ್ಚಿ ಹಿಡಿದ್ರ ಉಸಿರು ಹ್ಯಾಂಗ ತಗೋಬೇಕು?”

ಮಾತು ಸರಿಯಾಗೇ ಇತ್ತು. ಆ ಆಟದಲ್ಲಿ ಒಂದು ಕಡೆಗೆ ಏಳು ಜನ. ಕೊಳದ ತಳಕ್ಕೆ ಕಾಲು ಊರುವ ಹಾಗಿಲ್ಲ. ಎದುರಾಳಿಯ ಮೊಣಕೈ ಯಾವಾಗ ಬಂದು ಬಾಯಿಗೆ ಬಡಿಯುತ್ತೋ ಗೊತ್ತಿಲ್ಲ. ಈಸುತ್ತಲೇ ಬಾಯಿ ತೆಗೆದು ಉಸಿರು ಎಳೀಬೇಕು, ಜೊತೆಯವರನ್ನ ಕೂಗಬೇಕು. ಅವನು ಮೊದಲು ಕೊಂಡದ್ದು ಬಿಸಿನೀರಲ್ಲಿ ಮೆತ್ತಗೆ ಮಾಡಿ ಕಚ್ಚಿ ಅಚ್ಚು ತೆಗೆಯುವ ಅಗ್ಗದ ಗಾರ್ಡು. ಸಡಿಲವಾಗಿತ್ತು. ಕೂಗಲು ಬಾಯಿ ತೆಗೆದ ಕೂಡಲೇ ಜಾರಿ ನೀರ ಮೇಲೆ ತೇಲುತ್ತಿತ್ತಂತೆ!

ಹಲ್ಲು ಕಚ್ಚಿ ಹಿಡಿಯುವ ಸಂಗತಿ ಹಳೇ ಬಾಕ್ಸಿಂಗಿನದು. ಹಿಂದೆ ಬಾಕ್ಸರ್‌ಗಳು ಹತ್ತಿ, ಸ್ಪಂಜು, ಮರದ ಚೂರು ಕಚ್ಚಿಕೊಂಡು ಕಣಕ್ಕಿಳಿಯುತ್ತಿದ್ದರು. ನಿಜವಾಗಿಯೂ ಅವುಡುಗಚ್ಚಿಯೇ ಆಡಬೇಕಿತ್ತು. 1890ರಲ್ಲಿ ಲಂಡನ್ನಿನ ದಂತವೈದ್ಯ ವುಲ್ಫ್ ಕ್ರೌಸ್ ಗಟ್ಟಾಪರ್ಚಾದ (ರಬ್ಬರಿನಂಥ ಮರದ ಅಂಟು) ಪಟ್ಟಿಯನ್ನು ಅವರ ಮೇಲಿನ ಹಲ್ಲಿಗೆ ಕೂರಿಸಿದ. ಅದಕ್ಕೆ ಇಂಗ್ಲಿಷಿನಲ್ಲಿ ಬಂದ ಹೆಸರು ಗಮ್‌ಶೀಲ್ಡ್, ಅಂದರೆ ವಸಡಿನ ಗುರಾಣಿ.

ಈಗ ನಾನು ಮಾಡೋದು ಬೇರೆ ರೀತಿ. ಹಲ್ಲಿನ ಗಾರೆ ಅಚ್ಚಿನ ಮೇಲೆ ಇವಿಎ ಅನ್ನೋ ಪ್ಲಾಸ್ಟಿಕ್ಕಿನ ಹಾಳೆ ಕಾಯಿಸ್ತೀನಿ. ಅದು ಹೊಟ್ಟೆ ಬಿಟ್ಟು ಜೋತಾಡೋಕೆ ಶುರುವಾದಾಗ ಯಂತ್ರ ಗಾಳಿ ಎಳೆದು ಅಚ್ಚಿಗೆ ಅಂಟಿಸುತ್ತೆ. 4 ಮಿಮೀ ಹಾಳೆ ಎಳೆದಾದ ಮೇಲೆ ಅಷ್ಟೇ ದಪ್ಪ ಉಳಿಯಲ್ಲ. ಅಂಚು ಕತ್ತರಿಸೋದೇ ದೊಡ್ಡ ಕೆಲಸ. ಮೇಲ್ದುಟಿಯ ಒಳಗೆ, ನಡುವೆ, ವಸಡಿಗೆ ಕೂಡಿಕೊಂಡ ಒಂದು ಎಳೆ ಇದೆ. ನಾಲಿಗೆ ಆಡಿಸಿದರೆ ಸಿಗುತ್ತೆ ನೋಡಿ. ಅಲ್ಲಿ ಅಂಚಿಗೆ ಸಣ್ಣ ಸೀಳು ಬಿಡದಿದ್ದರೆ ಅರ್ಧ ಗಂಟೆಯಲ್ಲಿ ಹುಣ್ಣು. ಹಿಂದೆ ಅಂಗುಳದ ಕಡೆ ಜಾಸ್ತಿ ಬಿಟ್ಟರೆ ಓಕರಿಕೆ. ಎಲ್ಲ ಸರಿ ಇದ್ದರೆ ಕಚ್ಚೋದೇ ಬೇಡ, ಬಾಯಿ ತೆಗೆದರೂ ಮೇಲಿನ ಹಲ್ಲಿಗೇ ಕೂತಿರುತ್ತೆ. ‘ಕಂಫರ್ಟ್’ಗೆ ನಾನು ಪದ ಹುಡುಕಲೂ ಇಲ್ಲ. ನಮ್ಮ ಕಡೆ ‘ಕೂತದ’, ‘ಕೂತಿಲ್ಲ’ ಅಂದರೆ ಮುಗೀತು.

ಹಾಗಾಗಿ ಈಗ ನನ್ನ ಮನಸ್ಸು ‘ಹಲ್ಲುಗವಸು’ ಕಡೆ ವಾಲಿದೆ. ಕೈಗವಸು, ಮುಖಗವಸು ಎಲ್ಲರಿಗೂ ಗೊತ್ತು. ಗವಸನ್ನು ಯಾರೂ ಕಚ್ಚಿ ಹಿಡಿಯಲ್ಲ, ತೊಡ್ತಾರೆ. ಚೀಟಿಯಲ್ಲಿ ‘ಹಲ್ಲುಗವಸು ತೊಟ್ಟು ನೀರಿಗಿಳಿಯಿರಿ, ತಣ್ಣೀರಲ್ಲೇ ತೊಳೆಯಿರಿ, ಬಿಸಿಲಲ್ಲಿ ನಿಲ್ಲಿಸಿದ ಕಾರಲ್ಲಿ ಬಿಡಬೇಡಿ’ ಅಂತ ಬರೆದರೆ ಓದೋಕೆ ಎಲ್ಲೂ ತಡೆಯಲ್ಲ. ಕೊನೆಯ ಮಾತು ನಮ್ಮೂರಿಗೆ ಬೇಕೇ ಬೇಕು. ಮೇ ತಿಂಗಳ ಬಿಸಿಲಿಗೆ ಕಾರಲ್ಲಿ ಬಿಟ್ಟ ಗಾರ್ಡು ಸೊಟ್ಟಗಾಗಿ ವಾಪಸ್ ಬಂದದ್ದಿದೆ.

ತಿಳಿದವರನ್ನ ಕೇಳೋದು ಇಷ್ಟು. ‘ಹಲ್ಲುಗವಸು’ ಅನ್ನೋದನ್ನ ಯಾರಾದರೂ ಈ ಮೊದಲೇ ಬಳಸಿದ್ದೀರಾ? ಹಲ್ಲುಗವಸೋ, ಹಲ್ಗವಸೋ? ಎರಡನೆಯದು ಚಿಕ್ಕದು, ಆದರೆ ಮತ್ತೆ ಗ್ಯಾಪಿನ ಪಾಡಾದೀತು ಅಂತ ಹೆದರಿಕೆ.

ಇನ್ನೊಂದು. ನೀರಲ್ಲಿ ಮುಖ ಮುಳುಗಿಸಿ ಉಸಿರಾಡುವ ಸ್ನಾರ್ಕೆಲ್, ಡೈವಿಂಗ್ ಕೊಳವೆಯ ತುದಿಗೆ ಬಾಯಲ್ಲಿ ಇಟ್ಟುಕೊಳ್ಳುವ ಒಂದು ತುಂಡು ಇರುತ್ತಲ್ಲ, ಅದಕ್ಕೇನು ಹೇಳೋಣ? ಅದನ್ನ ನಿಜವಾಗಿ ಕಚ್ಚಿಯೇ ಹಿಡೀಬೇಕು. ಬಹಳ ಹೊತ್ತು ಕಚ್ಚಿದರೆ ದವಡೆ ಸಂದು ನೋಯುತ್ತೆ. ಅದನ್ನೂ ಗವಸು ಅಂದರೆ ತಪ್ಪಾಗುತ್ತೆ. ಕುದುರೆ ಬಾಯಿಗೆ ಹಾಕುವ ಕಡಿವಾಣದ ಕಬ್ಬಿಣದ ತುಂಡಿಗೆ ನಿಮ್ಮ ಕಡೆ ಬೇರೆ ಹೆಸರಿದ್ದರೆ ಹೇಳಿ, ಅಲ್ಲಿಂದ ಏನಾದರೂ ಹುಟ್ಟೀತು.

ಅಕ್ಕನ ಮಗ ನಿಮ್ಮ ಉತ್ತರಕ್ಕೆ ಕಾಯುತ್ತಿಲ್ಲ. ದಿಂಬಿನ ಗಲೀಫಿನ ಲೆಕ್ಕದಲ್ಲಿ ಆಗಲೇ ಅದನ್ನ ‘ಹಲ್ಲಿನ ಗಲೀಫ’ ಅಂತ ಕರೆಯೋಕೆ ಶುರು ಮಾಡಿದ್ದಾನೆ.